ಶರಣಾಗತಿಯೂ ರಾಜಶಕ್ತಿಯೂ: ಜೇಡರ ದಾಸಿಮಯ್ಯನ ವಚನಗಳನ್ನು ಕುರಿತು

ಭಕ್ತನಿಗೂ ಅರಸನಿಗೂ ನಡೆದ ಸೆಣಸಿನ ಕಥೆಗಳಿಗೆ ಕನ್ನಡ ಸಾಹಿತ್ಯದಲ್ಲಿ ಕೊರತೆಯಿಲ್ಲ. ಬಿಜ್ಜಳನ ಮುಂದೆ ಬಸವಣ್ಣ, ಕೌಶಿಕನ ಮುಂದೆ ಮಹಾದೇವಿಯಕ್ಕ, ಚಾಲುಕ್ಯ ಜಯಸಿಂಹನ ಮುಂದೆ ಜೇಡರ ದಾಸಿಮಯ್ಯ. ಇವುಗಳನ್ನು ಉಪಾಧ್ಯಾಯರಾದ ನಾವು ತರಗತಿಯಲ್ಲಿ ಹೇಳುವ ಕ್ರಮ ಹೆಚ್ಚು ಕಡಿಮೆ ಒಂದೇ. ಅರಸನು ಗರ್ವಿಷ್ಠನು; ಭಕ್ತನು ಕಣ್ಮುಚ್ಚಿ ಪ್ರಾರ್ಥಿಸುತ್ತಾನೆ; ದೇವರು ಪವಾಡವೊಂದನ್ನು ತೋರುತ್ತಾನೆ; ಅರಸನು ಭಕ್ತನ ಕಾಲಿಗೆ ಬೀಳುತ್ತಾನೆ. ಮಕ್ಕಳಿಗೆ ಸಂತೋಷವಾಗುತ್ತದೆ, ಅಷ್ಟು ಹೊತ್ತಿಗೆ ಗಂಟೆಯೂ ಬಾರಿಸುತ್ತದೆ. ಆದರೆ ಇಂತಹ ಪಾಠದಿಂದ ಮಕ್ಕಳ ಮನಸ್ಸಿನಲ್ಲಿ ಉಳಿಯುವ ಭಾವನೆಯೇನು? ದೇವರೆಂದರೆ ಅರಸನಿಗಿಂತ ದೊಡ್ಡ ಅರಸನೆಂದು. ಪ್ರಾರ್ಥನೆಯೆಂದರೆ ಕೆಳಗಿನ ಅಧಿಕಾರಿ ಕಿವಿಗೊಡದಿದ್ದಾಗ ಮೇಲಧಿಕಾರಿಗೆ ಬರೆದುಕೊಳ್ಳುವ ಅರ್ಜಿಯೆಂದು. ಗಡಿಯಾಚೆ ಉಳಿದ ಕನ್ನಡಿಗರಾದ ನಮಗೆ ಅರ್ಜಿಯ ಭಾಷೆ ಚೆನ್ನಾಗಿ ಬಲ್ಲುದೇ. 1956ರಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು, ತಾಳವಾಡಿಯ ಕಡೆ ಇತ್ತಲೇ ಉಳಿಯಿತು; ಅಂದಿನಿಂದ ನಮ್ಮವರು ಬರೆದ ಮನವಿಗಳಿಗೆ ಲೆಕ್ಕವಿಟ್ಟವರಿಲ್ಲ. ಹೀಗಿರುವಾಗ ಶರಣರ ಪ್ರಾರ್ಥನೆಯನ್ನೂ ಒಂದು ಮನವಿಪತ್ರದಂತೆ ನಾವು ಓದಿಬಿಡುವುದು ಆಶ್ಚರ್ಯವಲ್ಲ. ಆದರೆ ಆ ಓದು ಶರಣಸಾಹಿತ್ಯದ ತಿರುಳನ್ನು ತಪ್ಪಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ. ಅದನ್ನು ದಾಸಿಮಯ್ಯನ ಕೆಲವು ವಚನಗಳ ಮೂಲಕ ತೋರಿಸಲು ಯತ್ನಿಸುತ್ತೇವೆ.

ದಾಸಿಮಯ್ಯನನ್ನೇ ಆರಿಸಿಕೊಳ್ಳಲು ಕಾರಣವಿದೆ. ಪಲ್ಲಡಂ, ಸೋಮನೂರು, ತಿರುಪ್ಪೂರುಗಳ ಸುತ್ತಿನಲ್ಲಿ ಮಗ್ಗವನ್ನು ನಂಬಿ ಬಾಳಿದ, ಮನೆಯಲ್ಲಿ ಕನ್ನಡವಾಡುವ ದೇವಾಂಗರ ಕುಟುಂಬಗಳಿಗೆ ಆತನ ಹೆಸರು ಹೊಸತಲ್ಲ. ಚೌಡೇಶ್ವರಿಯನ್ನು ಕುಲದೇವತೆಯಾಗಿ ಪೂಜಿಸುವ ಈ ಜನ ದಾಸಿಮಯ್ಯನನ್ನು ದೇವಲ ಮಹರ್ಷಿಯ ಅವತಾರವೆಂದು ಭಾವಿಸುತ್ತಾರೆ. ಕೈಮಗ್ಗದ ಸದ್ದು ಅಡಗಿ ವಿದ್ಯುತ್ ಮಗ್ಗದ ಸದ್ದು ಹೆಚ್ಚಿದ ಮೇಲೂ ಆ ಹೆಸರು ಉಳಿದಿದೆ. ಆದರೆ ಹೆಸರಿನೊಡನೆ ಉಳಿದಿರುವುದು ಪುರಾಣದ ದಾಸಿಮಯ್ಯ. ವಚನಗಳ ದಾಸಿಮಯ್ಯನು ನಮ್ಮ ಮನೆಗಳಿಗೆ ಇನ್ನೂ ಸರಿಯಾಗಿ ಬಂದಿಲ್ಲ.

ಪುರಾಣದ ಕಥೆ ಹೀಗಿದೆ. ಈಗಿನ ಯಾದಗಿರಿ ಜಿಲ್ಲೆಯ ಮುದನೂರಿನ ನೇಕಾರನಾದ ದಾಸಿಮಯ್ಯನು ರಾಮನಾಥನ ಭಕ್ತನು. ಹನ್ನೆರಡು ವರ್ಷ ನೇಯ್ದ ಬಟ್ಟೆಯೊಂದನ್ನು ಸಂತೆಗೆ ಒಯ್ದಾಗ ಅದಕ್ಕೆ ಬೆಲೆ ಕಟ್ಟುವವರೇ ದೊರೆಯಲಿಲ್ಲ. ಹಿಂದಿರುಗುವ ದಾರಿಯಲ್ಲಿ ಮುದುಕ ಜಂಗಮನ ವೇಷದಲ್ಲಿ ಬಂದ ಶಿವನು ಅದನ್ನು ಬೇಡಿ ಪಡೆದು, ಕಣ್ಣೆದುರಿಗೇ ಹರಿದು ಚೂರುಮಾಡಿದನು. ದಾಸಿಮಯ್ಯನ ಮುಖ ಬಾಡಲಿಲ್ಲ. ಶಿವನು ಮೆಚ್ಚಿ ಎಂದೂ ತೀರದ ತವನಿಧಿಯನ್ನು ಕೊಟ್ಟನು. ಈ ಭಾಗ ಬಹು ಸೊಗಸಾಗಿದೆ. ನೆಯ್ಗೆಯವರ ಮನೆಯಲ್ಲಿ ಹುಟ್ಟಿದವರಿಗೆ ಬಟ್ಟೆ ಹರಿಯುವ ಆ ಸದ್ದು ಎಂತಹುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಭಾಗದಲ್ಲಿ ಅರಸನು ಬರುತ್ತಾನೆ. ಜಯಸಿಂಹನ ರಾಣಿ ಸುಗ್ಗಲೆಯು ದಾಸಿಮಯ್ಯನ ಶಿಷ್ಯೆಯಾಗುತ್ತಾಳೆ, ಆಸ್ಥಾನದಲ್ಲಿ ಜೈನರೊಡನೆ ವಾದವಾಗುತ್ತದೆ, ಪವಾಡಗಳು ನಡೆಯುತ್ತವೆ, ಅರಸನು ಮತ ಬದಲಿಸುತ್ತಾನೆ, ಬಸದಿಗಳು ಶಿವಾಲಯಗಳಾಗುತ್ತವೆ. ಇದನ್ನೇ ಪ್ರಾರ್ಥನೆಯ ವಿಜಯವೆಂದು ಹೇಳುವ ವಾಡಿಕೆಯಿದೆ. ನಮಗೆ ಹಾಗೆ ತೋರುವುದಿಲ್ಲ. ಮೊದಲನೆಯದಾಗಿ ಇತಿಹಾಸ ಇದಕ್ಕೆ ಸಾಕ್ಷಿ ನುಡಿಯುವುದಿಲ್ಲ. 1015ರಿಂದ ಸುಮಾರು 1043ರವರೆಗೆ ಆಳಿದ ಈ ಜಗದೇಕಮಲ್ಲ ಜಯಸಿಂಹನ ಕಾಲದಲ್ಲಿಯೇ, 1025ರಲ್ಲಿ, ಜೈನಮುನಿ ವಾದಿರಾಜನು ತನ್ನ ಪಾರ್ಶ್ವನಾಥಚರಿತವನ್ನು ರಚಿಸಿದನು. ಆ ವಿದ್ವಾಂಸನಿಗೆ ಆಸ್ಥಾನದಲ್ಲಿ ಮನ್ನಣೆಯಿದ್ದಿತು. ಎರಡನೆಯದು ಇನ್ನೂ ಮುಖ್ಯ. ಅರಸನ ಬಲ ಹುಸಿಯೆಂದು ತೋರಿಸಹೊರಟ ಕಥೆ, ಕೊನೆಗೆ ಅರಸನ ಕೈಯಿಂದಲೇ ಅನ್ಯಮತದವರ ಗುಡಿಗಳನ್ನು ಕೀಳಿಸುತ್ತದೆ. ಭಕ್ತನು ಗೆದ್ದದ್ದು ರಾಜಶಕ್ತಿಯನ್ನೋ, ಅಥವಾ ರಾಜಶಕ್ತಿಯು ತನ್ನ ಕಡೆಗೆ ತಿರುಗಿದ್ದನ್ನೇ ಗೆಲುವೆಂದುಕೊಂಡನೋ? ಇಂತಹ ಕಥೆಯಲ್ಲಿ ಸಿಂಹಾಸನ ಒಂದಿಂಚೂ ಕದಲಿಲ್ಲ. ಅದರ ಮುಂದೆ ನಿಂತವರು ಮಾತ್ರ ಬದಲಾದರು.

ಬಸವಣ್ಣನ ಭಂಡಾರದ ಕಥೆಗೂ ಇದೇ ದೋಷವುಂಟು. ಜಂಗಮರಿಗೆ ಅರಸನ ಹಣವನ್ನು ಸುರಿಯುತ್ತಾನೆಂಬ ದೂರು ಬಂದು ಬಿಜ್ಜಳನು ಭಂಡಾರವನ್ನು ಎಣಿಸಿ ನೋಡುತ್ತಾನೆ. ಒಂದು ಹೊನ್ನೂ ಕಡಿಮೆಯಾಗಿಲ್ಲ. ಪವಾಡವೇನೋ ಸರಿ. ಆದರೆ ಯಾರ ಲೆಕ್ಕ ಪ್ರಮಾಣವಾಯಿತು? ಬಿಜ್ಜಳನದೇ. ಇದಕ್ಕಿಂತ, ಹರಿಹರನು ತನ್ನ ಬಸವರಾಜದೇವರ ರಗಳೆಯಲ್ಲಿ ಬಸವಣ್ಣನು ಕೂಡಲಸಂಗಮವನ್ನು ಬಿಟ್ಟು ಮಂಗಳವಾಡಕ್ಕೆ ಹೊರಡಬೇಕಾಗಿ ಬಂದಾಗ ಪಡುವ ಸಂಕಟವನ್ನು ಬಣ್ಣಿಸಿದ ಭಾಗ ನೂರುಪಾಲು ಮೇಲು. ಅರಸನ ಊರಿಗೆ ಹೋಗೆಂದು ದೇವರೇ ಹೇಳುತ್ತಾನೆ, ಭಕ್ತನು ಒಲ್ಲೆನೆಂದು ಅಳುತ್ತಾನೆ, ಕೊನೆಗೆ ಹೋಗುತ್ತಾನೆ. ಅಲ್ಲಿ ಶರಣಾಗತಿಯಿದೆ.

ಈಗ ವಚನಗಳಿಗೆ ಬರೋಣ. ದಾಸಿಮಯ್ಯನ ಕಾಲವನ್ನು ಕುರಿತು, ದೇವರ ದಾಸಿಮಯ್ಯ, ಜೇಡರ ದಾಸಿಮಯ್ಯರು ಒಬ್ಬರೇ ಇಬ್ಬರೇ ಎಂಬುದನ್ನು ಕುರಿತು ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹನ್ನೊಂದನೆಯ ಶತಮಾನದವನೆಂದು ಒಪ್ಪಿದರೆ ಆತನು ಬಸವಣ್ಣನಿಗಿಂತ ಹಿಂದಿನ ಆದ್ಯ ವಚನಕಾರನು. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ ತಿರುಗಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದ ಮೇಲೆಯೇ ಇಂತಹ ವಚನಗಳು ಸಾಮಾನ್ಯ ವಾಚಕರ ಕೈಗೆ ಬಂದುವು. ರಾಮನಾಥ ಎಂಬ ಅಂಕಿತವುಳ್ಳ ಈ ವಚನಗಳು ಬಹಳ ಚಿಕ್ಕವು. ಬಸವಣ್ಣನ ಕರಗುವಿಕೆಯಾಗಲಿ ಅಲ್ಲಮನ ಬೆಡಗಾಗಲಿ ಇವುಗಳಲ್ಲಿಲ್ಲ. ಬಿಗಿದ ಹಾಸಿನ ಮೇಲೆ ಲಾಳಿ ಓಡಿದಂತೆ ಮೂರು ನಾಲ್ಕು ಎಳೆತ, ಮುಗಿಯಿತು.

ಆನೆಯನ್ನು ಕೊಟ್ಟರೂ, ಸಿರಿಯನ್ನು ಕೊಟ್ಟರೂ, ಹಿರಿದಾದ ರಾಜ್ಯವನ್ನೇ ಕೊಟ್ಟರೂ ತನಗೆ ಬೇಡ, ಶರಣರ ಮಾತು ಕೇಳುವ ಅರೆಗಳಿಗೆ ಸಾಕು ಎಂಬ ತಾತ್ಪರ್ಯದ ವಚನ ಪಠ್ಯಪುಸ್ತಕಗಳ ಮೂಲಕ ಅನೇಕರಿಗೆ ಪರಿಚಿತವಾಗಿದೆ. ಇದನ್ನು ಸಾಮಾನ್ಯವಾಗಿ ರಾಜರ ಆಮಿಷವನ್ನು ತಿರಸ್ಕರಿಸಿದ ನಿಸ್ಪೃಹತೆಯ ಮಾತೆಂದು ವಿವರಿಸುತ್ತೇವೆ. ಅದು ನಿಜ. ಆದರೆ ವಾಕ್ಯವನ್ನು ವ್ಯಾಕರಣದ ಕಣ್ಣಿನಿಂದ ನೋಡಿದರೆ ಬೇರೊಂದು ಸಂಗತಿ ಹೊಳೆಯುತ್ತದೆ. ಕೊಡುವವನು ಯಾರು? ಸಂಬೋಧನೆ ಇರುವುದು ರಾಮನಾಥನಿಗೆ. ಆನೆಯನ್ನೂ ರಾಜ್ಯವನ್ನೂ ಕೊಡಬಹುದಾದವನು ಇಲ್ಲಿ ದೇವರೇ. ಒಲ್ಲೆನೆಂದು ಹೇಳಿಸಿಕೊಳ್ಳುವವನೂ ಆತನೇ. ಅರಸನನ್ನು ಈ ವಚನ ಎದುರಾಳಿಯ ಸ್ಥಾನಕ್ಕೂ ಕರೆಯುವುದಿಲ್ಲ. ಪುರಾಣಕಾರನಿಗೆ ಸೋಲುವುದಕ್ಕಾದರೂ ಒಬ್ಬ ಅರಸ ಬೇಕು. ದಾಸಿಮಯ್ಯನಿಗೆ ಅರಸನ ಸೋಲೂ ಬೇಕಾಗಿಲ್ಲ. ದೇವರ ಕೈಯಿಂದ ಬಂದರೂ ರಾಜ್ಯ ರಾಜ್ಯವೇ, ಬೇಡ. ಪ್ರಾರ್ಥನೆಯೆಂದರೆ ಬೇಡುವುದು ಎಂದು ತಿಳಿದವರಿಗೆ, ಬೇಡವೆನ್ನುವುದೇ ಪ್ರಾರ್ಥನೆಯಾಗಿರುವ ಈ ವಚನ ವಿಚಿತ್ರವಾಗಿ ಕಾಣಬಹುದು.

ಇನ್ನು ಆ ಅರೆಗಳಿಗೆ. ಗಳಿಗೆಯೆಂದರೆ 24 ನಿಮಿಷ, ಅದರ ಅರ್ಧ 12 ನಿಮಿಷ. ಒಂದು ತಕ್ಕಡಿಯಲ್ಲಿ ರಾಜ್ಯ, ಇನ್ನೊಂದರಲ್ಲಿ 12 ನಿಮಿಷದ ಮಾತು! ಅದೂ ದೇವರ ಮಾತಲ್ಲ, ದೇವರನ್ನು ನಂಬಿದವರ ಮಾತು. ಅಷ್ಟನ್ನು ಕೊಟ್ಟರೆ ನೀನು ನಿನ್ನನ್ನೇ ಕೊಟ್ಟಂತೆ ಎಂದು ವಚನ ಮುಗಿಯುತ್ತದೆ. ದಿನವಿಡೀ ಮಗ್ಗದ ಗುಣಿಯಲ್ಲಿ ಕಾಲಿಳಿಬಿಟ್ಟು ಕೂತವನಿಗೆ ಅರೆಗಳಿಗೆಯ ಬಿಡುವು ಎಷ್ಟು ಬೆಲೆಯದೆಂದು ನೆನೆದರೆ ಈ ಅಳತೆ ಬರಿಯ ಅಲಂಕಾರವೆಂದು ತೋರದು. ಒಬ್ಬ ನೇಕಾರನ ಲೆಕ್ಕ ಅದು.

ಎರಡನೆಯ ವಚನ ಇನ್ನೂ ಕಟುವಾದುದು. ಭೂಮಿ ನಿನ್ನ ದಾನ, ಬೆಳೆ ನಿನ್ನ ದಾನ, ಬೀಸುವ ಗಾಳಿಯೂ ನಿನ್ನ ದಾನ; ಇದನ್ನು ಉಂಡು ಬೇರೆಯವರನ್ನು ಹೊಗಳುವವರು ನಾಯಿಗಳು ಎಂಬುದು ಅದರ ಸಾರ. ಇಲ್ಲಿ ದಾನ ಎಂಬ ಪದವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಚಾಲುಕ್ಯರ ಕಾಲದ ಶಾಸನಗಳಲ್ಲಿ ಬಹುಪಾಲು ದಾನಶಾಸನಗಳೇ. ಇಷ್ಟು ಮತ್ತರು ಭೂಮಿಯನ್ನು ಇಂತಹವರಿಗೆ ಬಿಟ್ಟೆವೆಂದು ಕಲ್ಲಿನ ಮೇಲೆ ಕೊರೆಯಿಸಿ, ಅಳಿದವರಿಗೆ ಶಾಪವನ್ನೂ ಬರೆಯಿಸುತ್ತಿದ್ದರು. ಅದೇ ಶಾಸನಗಳಲ್ಲಿ ಅರಸನ ಬಿರುದು ‘ಪೃಥ್ವೀವಲ್ಲಭ’, ಭೂಮಿಯ ಒಡೆಯ. ಇನ್ನೊಂದು ಬಿರುದು ‘ಪರಮೇಶ್ವರ’ ಎಂದೇ! ದಾನ ಎಂಬುದು ಅರಸನ ಬಾಯಿಯ ಮಾತಾಗಿದ್ದ ಕಾಲದಲ್ಲಿ ಆ ಮಾತನ್ನು ಅವನ ಬಾಯಿಂದ ತೆಗೆದು, ನಿಜವಾದ ಒಡೆಯನಿಗೆ ಒಪ್ಪಿಸುವ ಕೆಲಸವನ್ನು ಈ ವಚನ ಮಾಡುತ್ತದೆ. ಅರಸನ ವಿರುದ್ಧ ಒಂದು ಅಕ್ಷರವನ್ನೂ ನುಡಿಯುವುದಿಲ್ಲ. ಭೂಮಿ ಯಾರದೆಂದು ಹೇಳುತ್ತದೆ, ಅಷ್ಟೇ.

ಬೇರೆಯವರನ್ನು ಹೊಗಳುವವರೆಂದರೆ ಯಾರು? ಆ ಕಾಲದ ಸಾಹಿತ್ಯವನ್ನು ಬಲ್ಲವರಿಗೆ ಇದು ಕವಿಗಳಿಗೇ ತಾಗುವ ಮಾತೆಂದು ತೋರದಿರದು. ರನ್ನನು ತನ್ನ ಗದಾಯುದ್ಧದಲ್ಲಿ ಒಡೆಯನಾದ ಸತ್ಯಾಶ್ರಯನನ್ನು ಭೀಮನೊಡನೆ ಒಂದಾಗಿಸಿ ಹೊಗಳಿದನು. ಇದರಿಂದ ರನ್ನನ ಕಾವ್ಯ ಕೀಳೆಂದು ನಾವು ಹೇಳಲಾರೆವು, ಅದು ಮಹಾಕೃತಿಯೇ. ನಾಯಿ ಎಂಬ ಮಾತೂ ನಮ್ಮ ರುಚಿಗೆ ಒರಟಾಯಿತೆಂದು ಒಪ್ಪುತ್ತೇವೆ, ಬಾಗಿಲು ಕಾಯುವ ನಾಯಿಗೆ ಅದು ಅನ್ಯಾಯವೂ ಹೌದು. ಆದರೆ ಅರಸನ ಅನ್ನವನ್ನು ಉಣ್ಣದೆ, ತನ್ನ ನೆಯ್ಗೆಯನ್ನು ಮಾರಿ ಉಂಡವನಿಗೆ ಮಾತ್ರ ಬರಬಹುದಾದ ಒರಟುತನ ಅದು. ಮುಂದೆ ಹರಿಹರನು ದ್ವಾರಸಮುದ್ರದ ಅರಸನ ಲೆಕ್ಕದ ಕೆಲಸವನ್ನು ಬಿಟ್ಟು ಹಂಪೆಯ ವಿರೂಪಾಕ್ಷನಲ್ಲಿಗೆ ಹೋದನೆಂದೂ, ಮನುಷ್ಯರನ್ನು ಹೊಗಳೆನೆಂದು ಹಟ ಹಿಡಿದನೆಂದೂ ಹೇಳುವ ಕಥೆಗಳ ಬೇರು ಈ ನೇಕಾರನ ಮಾತಿನಲ್ಲಿದೆ.

ಶರಣಾಗತಿಯೆಂದರೆ ಬಗ್ಗಿ ನಿಲ್ಲುವುದೆಂದು ಭಾವಿಸುವವರಿಗೆ ಮೂರನೆಯ ವಚನವನ್ನು ಓದಿಸಬೇಕು. ಒಡಲಿರುವವನು ಹಸಿಯುತ್ತಾನೆ, ಒಡಲಿರುವವನು ಸುಳ್ಳಾಡುತ್ತಾನೆ. ಒಡಲುಳ್ಳವನೆಂದು ನನ್ನನ್ನು ಜರೆಯಬೇಡ, ನೀನೊಮ್ಮೆ ನನ್ನ ಹಾಗೆ ಒಡಲನ್ನು ತೊಟ್ಟು ನೋಡು ಎಂದು ರಾಮನಾಥನಿಗೇ ಸವಾಲು ಹಾಕುವ ವಚನ ಅದು. ದೇವರ ಮುಂದೆ ತನ್ನ ಹಸಿವನ್ನೂ ಸುಳ್ಳನ್ನೂ ಮುಚ್ಚಿಡದೆ ನಿಂತವನು ಅರಸನ ಮುಂದೆ ನಡುಗುವುದು ಯಾವುದಕ್ಕೆ? ಪವಾಡದಿಂದ ಬಂದ ಧೈರ್ಯ ಪವಾಡ ತಪ್ಪಿದ ದಿನ ಹೋಗುತ್ತದೆ. ಈ ಧೈರ್ಯದ ಮೂಲ ಬೇರೆ. ಅಡಗಿಸಲು ಏನನ್ನೂ ಉಳಿಸಿಕೊಳ್ಳದವನ ಧೈರ್ಯ.

ಇಲ್ಲಿ ಒಬ್ಬ ಚುರುಕಾದ ವಿದ್ಯಾರ್ಥಿ ಎದ್ದು ಕೇಳಬಹುದು: ದಾಸಿಮಯ್ಯನಿಗೆ ಆನೆಯನ್ನು ಕೊಡಲು ಯಾರು ಬಂದಿದ್ದರು ಸಾರ್? ಯಾರೂ ಕೊಡಲು ಬಾರದಿರುವಾಗ ಒಲ್ಲೆನೆಂದರೆ ಅದರಲ್ಲಿ ಏನು ಹೆಚ್ಚು? ಪ್ರಶ್ನೆ ನ್ಯಾಯವಾದುದು. ಅಧಿಕಾರವು ಕೊಡುವ ಕೈಯಾಗಿ ಬಂದಾಗ ಬೇಡವೆನ್ನುವುದು ಸುಲಭ. ಕಸಿಯುವ ಕೈಯಾಗಿ, ಕೊಲ್ಲುವ ಕೈಯಾಗಿ ಬಂದಾಗ ಏನಾಗುತ್ತದೆ? ಇದಕ್ಕೆ ಉತ್ತರ ದಾಸಿಮಯ್ಯನಲ್ಲಿಲ್ಲ. ಹರಿಹರನ ಮಹಾದೇವಿಯಕ್ಕನ ರಗಳೆಯಲ್ಲಿದೆ.

ಉಡುತಡಿಯ ಅರಸ ಕೌಶಿಕನು ಮಹಾದೇವಿಯನ್ನು ಕಂಡು ಮೋಹಿಸಿ, ಅವಳ ತಂದೆತಾಯಿಗಳಿಗೆ ಪ್ರಾಣಭಯವನ್ನು ಒಡ್ಡುತ್ತಾನೆ. ತಂದೆತಾಯಿಗಳು ನಡುಗಿ ಮಗಳನ್ನು ಬೇಡಿಕೊಳ್ಳುತ್ತಾರೆ. ಇಲ್ಲಿ ಚೆನ್ನಮಲ್ಲಿಕಾರ್ಜುನನು ಆಕಾಶದಿಂದ ಇಳಿಯುವುದಿಲ್ಲ. ಅರಸನ ಕೈ ಸೆಟೆದು ನಿಲ್ಲುವುದಿಲ್ಲ. ಮಹಾದೇವಿ ಒಪ್ಪುತ್ತಾಳೆ. ಆದರೆ ಕರಾರು ಹಾಕುತ್ತಾಳೆ. ತನ್ನ ಇಚ್ಛೆಯಂತೆ ಲಿಂಗಪೂಜೆ ನಡೆಯಬೇಕು, ಮಾಹೇಶ್ವರರ ಸಂಗ, ಗುರುವಿನ ಸೇವೆ ನಡೆಯಬೇಕು. ಮೂರು ತಪ್ಪುಗಳವರೆಗೆ ಸೈರಿಸುವಳು, ಆಮೇಲೆ ಹೊರಟುಹೋಗುವಳು. ಅರಸನು ಮೂರು ಬಾರಿಯೂ ಮಾತಿಗೆ ತಪ್ಪುತ್ತಾನೆ. ಕೊನೆಯ ತಪ್ಪು ಗುರು ಬಂದ ಹೊತ್ತಿನಲ್ಲಿ ಆಕೆಯ ಉಡುಗೆಯನ್ನು ಹಿಡಿದು ಆಡಿದ ಕೊಂಕು. ಆಕೆ ಆ ಉಡುಗೆಯನ್ನು ಅಲ್ಲಿಯೇ ಬಿಟ್ಟು, ಕೂದಲನ್ನೇ ಹೊದೆದು ಶ್ರೀಶೈಲದ ದಾರಿ ಹಿಡಿಯುತ್ತಾಳೆ.

ಹದಿನೈದನೆಯ ಶತಮಾನದ ಚಾಮರಸನು ತನ್ನ ಪ್ರಭುಲಿಂಗಲೀಲೆಯಲ್ಲಿ ಈ ಕಥೆಯನ್ನು ತಿದ್ದಿದನು. ಅಲ್ಲಿ ಮಹಾದೇವಿ ಅರಮನೆಗೆ ಹೋದರೂ ಕೌಶಿಕನ ಹೆಂಡತಿಯಾಗಿ ಬಾಳುವುದಿಲ್ಲ. ಭಕ್ತರ ಮನಸ್ಸಿಗೆ ಇದು ಹಿತವಾಗಿದೆ, ತರಗತಿಯಲ್ಲಿ ಹೇಳುವುದಕ್ಕೂ ಅನುಕೂಲ. ಅನೇಕ ಉಪಾಧ್ಯಾಯರು, ವಿಶೇಷವಾಗಿ ಹೆಣ್ಣುಮಕ್ಕಳ ತರಗತಿಗಳಲ್ಲಿ, ಚಾಮರಸನ ಕಥೆಯನ್ನೇ ಹೇಳುವುದನ್ನು ನಾವು ಬಲ್ಲೆವು. ಆದರೂ ಹರಿಹರನ ದಾರಿಯೇ ಹೆಚ್ಚು ಸತ್ಯವಾದುದೆಂದು ನಮ್ಮ ನಿರ್ಣಯ. ಲೋಕದಲ್ಲಿ ಬಲವಂತರ ಕೈಗೆ ಸಿಕ್ಕವರೆಲ್ಲರಿಗೂ ಒಡನೆ ಬಿಡುಗಡೆಯಾಗುವುದಿಲ್ಲ. ಕೆಲವರು ತಂದೆತಾಯಿಗಳ ಪ್ರಾಣಕ್ಕಾಗಿ, ಮಕ್ಕಳ ಅನ್ನಕ್ಕಾಗಿ ಆ ಮನೆಯೊಳಗೇ ವರ್ಷಗಟ್ಟಲೆ ಇರಬೇಕಾಗುತ್ತದೆ. ಅಂತಹವರ ಪ್ರಾರ್ಥನೆ ಸೋತಿತೆಂದು ಹೇಳಬಹುದೆ? ಹರಿಹರನ ಮಹಾದೇವಿ ಕೌಶಿಕನ ಅರಮನೆಯಲ್ಲಿದ್ದೂ ಅವನವಳಾಗಲಿಲ್ಲ. ಅವಳ ಪೂಜೆಯ ಹೊತ್ತು ಅವನಿಗೆ ಸೇರಿದ್ದಾಗಿರಲಿಲ್ಲ. ಅರಸನು ಆಕೆಯಿಂದ ಕಸಿಯಬಹುದಾದುದು ಕೊನೆಗೆ ಒಂದು ಬಟ್ಟೆ ಮಾತ್ರ ಆಗಿತ್ತು, ಅದನ್ನೂ ಆಕೆಯೇ ಬಿಟ್ಟುಕೊಟ್ಟಳು. ಅಲ್ಲಿಗೆ ಕೌಶಿಕನ ಕೈಯಲ್ಲಿ ಹಿಡಿಯಲು ಏನೂ ಉಳಿಯಲಿಲ್ಲ. ಆಮೇಲೆ ಆತನು ಶೈವವೇಷವನ್ನು ತೊಟ್ಟು ಶ್ರೀಶೈಲದವರೆಗೂ ಬಂದು ಗೋಗರೆಯುತ್ತಾನೆ. ಅರಸನೇ ಅರ್ಜಿದಾರನಾದ ಈ ಚಿತ್ರವನ್ನು ಹರಿಹರನು ಸ್ವಲ್ಪ ಹಾಸ್ಯದಿಂದಲೇ ಬರೆದಿರಬಹುದೆಂದು ನಮಗೆ ತೋರುತ್ತದೆ.

ನೆರೆಯ ತಮಿಳಿನಲ್ಲಿ ಇದಕ್ಕೆ ಹತ್ತಿರವಾದ ಕಥೆ ನಮ್ಮ ಊರಿನ ಬಳಿಯಲ್ಲಿಯೇ ಇದೆ. ತಿರುಪ್ಪೂರಿನಿಂದ ಅವಿನಾಶಿಗೆ ಹೋಗುವ ದಾರಿಯಲ್ಲಿ ತಿರುಮುರುಗನ್‌ಪೂಂಡಿಯ ಶಿವಾಲಯವನ್ನು ನಮ್ಮ ವಾಚಕರಲ್ಲಿ ಹಲವರು ನೋಡಿರಬಹುದು. ಹರಿಹರನು ನಂಬಿಯಣ್ಣನೆಂದು ಕನ್ನಡಕ್ಕೆ ತಂದ ಸುಂದರಮೂರ್ತಿಗಳು ಚೇರಮಾನ್ ಪೆರುಮಾಳ್ ಅರಸನು ಕೊಟ್ಟ ದ್ರವ್ಯವನ್ನು ಹೊರಿಸಿಕೊಂಡು ಬರುವಾಗ ಈ ಸ್ಥಳದಲ್ಲಿ ಬೇಡರು ಅದನ್ನು ದೋಚಿದರೆಂದೂ, ಆ ಬೇಡರು ಶಿವಗಣಗಳೇ ಆಗಿದ್ದರೆಂದೂ ಸೇಕ್ಕಿಳಾರರ ಪೆರಿಯಪುರಾಣ ಹೇಳುತ್ತದೆ. ತನ್ನ ಭಕ್ತನು ತಾನು ಕೊಡದೆ ಅನ್ಯರು ಕೊಟ್ಟುದನ್ನು ಒಯ್ಯಬಾರದೆಂಬುದು ಶಿವನ ಇಂಗಿತ. ಸುಂದರರು ಸುಮ್ಮನಿರಲಿಲ್ಲ; ಕಳ್ಳರು ತುಂಬಿದ ಈ ಊರಿನಲ್ಲಿ ನೀನೇಕೆ ಇದ್ದೀಯೆ ಎಂದು ದೇವರನ್ನೇ ತರಾಟೆಗೆ ತೆಗೆದುಕೊಂಡು ಹಾಡಿದರು. ದೇವರೊಡನೆ ಜಗಳವಾಡುವ ಈ ಸಲಿಗೆ ದಾಸಿಮಯ್ಯನಲ್ಲಿಯೂ ಇದೆಯೆಂದು ಮೇಲೆ ಕಂಡೆವು. ಆದರೆ ಒಂದು ವ್ಯತ್ಯಾಸವುಂಟು. ಸುಂದರರ ಕಥೆಯಲ್ಲಿ ಅರಸನ ದ್ರವ್ಯವೆಲ್ಲ ಕೊನೆಗೆ ಭಕ್ತನಿಗೇ ಹಿಂದಿರುಗುತ್ತದೆ, ದೇವರ ಮುದ್ರೆ ಒತ್ತಿಸಿಕೊಂಡು. ದಾಸಿಮಯ್ಯನು ಆ ಮುದ್ರೆ ಬಿದ್ದುದನ್ನೂ ಒಲ್ಲೆನೆಂದವನು. ಎರಡು ಭಾಷೆಗಳನ್ನೂ ಬಲ್ಲ ನಮ್ಮ ಮಕ್ಕಳಿಗೆ ಈ ಎರಡನ್ನೂ ಜೊತೆಯಾಗಿ ಹೇಳಿದರೆ ಒಂದರ ಬೆಳಕಿನಲ್ಲಿ ಇನ್ನೊಂದು ಕಾಣುತ್ತದೆ. ಮೈಸೂರಿನ ತರಗತಿಗಳಿಗೆ ಇರದ ಅನುಕೂಲ ಇದೊಂದು ನಮಗಿದೆ.

ಕೊನೆಯದಾಗಿ ವಾಚನದ ಬಗ್ಗೆ ಒಂದು ಮಾತು. ಶಾಲೆಯ ಉತ್ಸವಗಳಲ್ಲಿ ದಾಸಿಮಯ್ಯನ ಆ ಮೊದಲ ವಚನವನ್ನು ಹೇಳುವ ಮಕ್ಕಳು ಮೂರು ಒಲ್ಲೆಗಳನ್ನೂ ಒಂದಕ್ಕಿಂತ ಒಂದು ಏರಿದ ದನಿಯಲ್ಲಿ, ಕೈಯೆತ್ತಿ, ತುಂಬಿದ ರಾಜಸಭೆಗೆ ಸಾರುವಂತೆ ಹೇಳುತ್ತಾರೆ. ಹಾಗೆ ಕಲಿಸಿದವರು ನಾವೇ, ಉಪಾಧ್ಯಾಯರು. ವಚನದಲ್ಲಿ ಸಭೆಯಿಲ್ಲ. ಮಗ್ಗದ ಮುಂದೆ ಒಬ್ಬನೇ ಕೂತವನು ತನ್ನ ದೇವರೊಡನೆ ಆಡಿದ ಮಾತು ಅದು. ಮುಂದಿನ ಬಾರಿ ಆ ಮೂರನ್ನೂ ಕ್ರಮವಾಗಿ ತಗ್ಗಿದ ದನಿಯಲ್ಲಿ ಹೇಳಿಸಿ, ಅರೆಗಳಿಗೆ ಎಂಬ ಪದದ ಮುಂದೆ ಸ್ವಲ್ಪ ತಡೆದು ನೋಡಬಹುದು.